ಎರಡು ಡಿವೈಸ್ ಸುಮ್ಮನಿದ್ದವು, ಇಡೀ ಲೈನ್ ಕಾಯುತ್ತಿತ್ತು

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಿಂದ ಫೋನ್ ಬಂದಾಗ ನಾನು ಹುಬ್ಬಳ್ಳಿಯ ತಾರಿಹಾಳದಲ್ಲಿ ಬೇರೊಂದು ಪ್ಯಾನೆಲ್ ಕೆಲಸದಲ್ಲಿದ್ದೆ. "ಸರ್, ಕಂಪ್ಯೂಟರ್‌ನ್ಯಾಗ ಟೆಂಪರೇಚರ್ ನಿಂತಲ್ಲೇ ನಿಂತಿರ್ತೈತ್ರಿ. ಆಮೇಲೆ ಒಮ್ಮೆಲೆ ಜಿಗೀತೈತಿ" ಅಂದರು ಆಪರೇಟರ್. ಒಳಗಿರುವುದು ರೈತರ ವರ್ಷದ ದುಡಿಮೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಆ ಬಣ್ಣ ಉಳಿಯಬೇಕಾದರೆ ತಂಪು ಬೇಕು. ಮರುದಿನ ಬೆಳಗ್ಗೆಯೇ ಹೊರಟೆ.

ಅಲ್ಲಿ ಎಂಟು ಚೇಂಬರ್‌ಗೆ ಎಂಟು ಟೆಂಪರೇಚರ್ ಕಂಟ್ರೋಲರ್, ಕಂಪ್ರೆಸರ್ ರೂಮಿನಲ್ಲಿ ಆರು ಎನರ್ಜಿ ಮೀಟರ್. ಎಲ್ಲವೂ ಮಾತಾಡುವುದು ಮಾಡ್‌ಬಸ್ ಆರ್‌ಟಿಯು, ಅಂದರೆ ಡಿವೈಸ್‌ಗಳು ತಂತಿಯ ಮೇಲೆ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಒಂದು ಭಾಷೆ. ಎಲ್ಲಕ್ಕೂ ಸೇರಿ ಒಂದೇ ಆರ್‌ಎಸ್-485 ಲೈನ್ (ಎ, ಬಿ ಎಂಬ ಎರಡು ತಂತಿಗಳ ಜೋಡಿ), ಕಂಪ್ಯೂಟರ್‌ನಲ್ಲಿ ಒಂದೇ ಪೋರ್ಟ್. ಮಾಡ್‌ಬಸ್ 1979ರಲ್ಲಿ ಬಂದದ್ದು, ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಅದರ ನಿಯಮ ಸರಳ. ಮಾಸ್ಟರ್, ಇಲ್ಲಿ ಕಂಪ್ಯೂಟರ್, ಒಂದು ಅಡ್ರೆಸ್ (ಡಿವೈಸ್‌ನ ನಂಬರ್) ಕೂಗಿ ಕೇಳುತ್ತದೆ, ಆ ಅಡ್ರೆಸ್‌ನ ಡಿವೈಸ್ ಮಾತ್ರ ಉತ್ತರ ಕೊಡಬೇಕು. ಅದು ಮುಗಿದ ಮೇಲೆಯೇ ಮುಂದಿನದರ ಸರದಿ.

ಇಂಥ ಕಡೆ ನಾನು ಮೊದಲು ಸಾಫ್ಟ್‌ವೇರ್ ತೆರೆಯುವುದಿಲ್ಲ. ಎಲ್ಲಾ ಡಿವೈಸ್‌ಗಳ ಪವರ್ ತೆಗೆಸಿ, ಲೈನನ್ನು ಕಂಪ್ಯೂಟರ್‌ಗೆ ಜೋಡಿಸುವ ಕನ್ವರ್ಟರ್ ಬಿಚ್ಚಿ, ಎ ಮತ್ತು ಬಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಸಿಗ್ನಲ್ ತುದಿಯಿಂದ ವಾಪಸ್ ಪುಟಿಯದಂತೆ ಲೈನಿನ ಎರಡು ತುದಿಗೆ ಒಂದೊಂದು 120 ಓಮ್ ರೆಸಿಸ್ಟರ್ ಹಾಕುತ್ತಾರೆ, ಅವೆರಡೇ ಇದ್ದರೆ ಸುಮಾರು 60 ಓಮ್ ಬರಬೇಕು. ಬಂದದ್ದು 40. ಅಂದರೆ ಎಲ್ಲೋ ಮೂರನೆಯದೂ ಸೇರಿಕೊಂಡಿದೆ. ಒಂದೊಂದೇ ಡಿವೈಸ್ ನೋಡುತ್ತಾ ಹೋದೆ. ಚೇಂಬರ್ ಸಾಲಿನಲ್ಲಿ ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು. ಕೊನೆಗೆ ನಡುವಿನ ಒಂದು ಎನರ್ಜಿ ಮೀಟರಿನ ಹಿಂದೆ, ಬೆರಳ ತುದಿಯಷ್ಟು ಚಿಕ್ಕ ಡಿಪ್ ಸ್ವಿಚ್ ಆನ್ ಆಗಿ, ಮೀಟರಿನೊಳಗಿನ ರೆಸಿಸ್ಟರನ್ನು ಲೈನಿಗೆ ಸೇರಿಸಿತ್ತು. ಅದನ್ನು ಕೆಳಗೆ ಒತ್ತಿದೆ, ಮಲ್ಟಿಮೀಟರ್ 60 ತೋರಿಸಿತು.

ಕೇಬಲ್‌ನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಎರಡೂ ಕಡೆ ಅರ್ತ್ ಆಗಿತ್ತು, ಒಂದು ಕಡೆ ಬಿಡಿಸಿದೆ. ಕಂಪ್ರೆಸರ್ ಡ್ರೈವ್‌ನ ಪವರ್ ಕೇಬಲ್ ಜೊತೆಗೇ ಕಟ್ಟಿದ್ದ ಒಂದು ತುಂಡನ್ನು ಬೇರೆ ದಾರಿಯಲ್ಲಿ ಎಳೆಸಿದೆ, ಅದರ ನಾಯ್ಸ್ ಸಿಗ್ನಲ್‌ಗೆ ತಾಗದಿರಲಿ ಅಂತ.

ಆಮೇಲೆ ಅಡ್ರೆಸ್. ಲ್ಯಾಪ್‌ಟಾಪ್‌ನಿಂದ ಒಂದೊಂದೇ ಡಿವೈಸ್‌ನ್ನು ಕೇಳುತ್ತಾ ಬಂದೆ. ಚೇಂಬರ್ 5 ಮಾತಾಡಲೇ ಇಲ್ಲ. ಚೇಂಬರ್ 1 ಒಮ್ಮೆ ಸರಿ ಉತ್ತರ, ಒಮ್ಮೆ ಸಿಆರ್‌ಸಿ ಎರರ್, ಅಂದರೆ ಉತ್ತರ ದಾರಿಯಲ್ಲಿ ಕೆಟ್ಟಿದೆ ಎಂಬ ಸೂಚನೆ. ವಿಚಾರಿಸಿದಾಗ ಗೊತ್ತಾಯಿತು, 5ರ ಕಂಟ್ರೋಲರ್ ಸುಟ್ಟು ಹೊಸದು ಹಾಕಿದ್ದರು. ಅದು ಫ್ಯಾಕ್ಟರಿಯಿಂದ ಬರುವಾಗಲೇ ಅಡ್ರೆಸ್ 1. ಯಾರೂ ಬದಲಿಸಿರಲಿಲ್ಲ. 1 ಅಂತ ಕೂಗಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು, 5 ಅಂತ ಕೂಗಿದರೆ ಯಾರೂ ಇಲ್ಲ. ಇದರ ಜೊತೆ ರಿಪೇರಿಗೆಂದು ಬಿಚ್ಚಿ ಒಯ್ದ ಒಂದು ಮೀಟರ್‌ನ ಹೆಸರು ಸಾಫ್ಟ್‌ವೇರ್‌ನಲ್ಲಿ ಹಾಗೆಯೇ ಉಳಿದಿತ್ತು.

ಈಗ ಲೆಕ್ಕ ನೋಡಿ. 9600 ಬಾಡ್‌ನಲ್ಲಿ (ಲೈನಿನ ವೇಗ, ಸೆಕೆಂಡಿಗೆ 9600 ಬಿಟ್) ಒಂದು ಬೈಟ್‌ಗೆ ಸುಮಾರು 1 ಮಿಲಿಸೆಕೆಂಡ್. ಪ್ರಶ್ನೆ 8 ಬೈಟ್, ಎರಡು ರಿಜಿಸ್ಟರ್ (ಡಿವೈಸ್ ಅಂಕಿ ಇಡುವ 2 ಬೈಟ್‌ನ ಖಾನೆ) ಕೇಳಿದರೆ ಉತ್ತರ 9 ಬೈಟ್. ಡಿವೈಸ್ ತೆಗೆದುಕೊಳ್ಳುವ ಸಮಯ ಸೇರಿಸಿದರೂ ಅಲ್ಲಿ ಒಂದಕ್ಕೆ 100 ಮಿಲಿಸೆಕೆಂಡ್ ದಾಟುತ್ತಿರಲಿಲ್ಲ. ಹದಿನಾಲ್ಕೂ ಒಂದೂವರೆ ಸೆಕೆಂಡಿನೊಳಗೆ ಮುಗಿಯಬೇಕು. ಆದರೆ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಸಮಯ) 3 ಸೆಕೆಂಡ್, ಪ್ರಯತ್ನ 5 ಸಲ ಅಂತ ಇಟ್ಟಿದ್ದರು. ಉತ್ತರ ಕೊಡದ ಒಂದು ಡಿವೈಸ್ 15 ಸೆಕೆಂಡ್ ತಿನ್ನುತ್ತದೆ. ಚೇಂಬರ್ 5 ಮತ್ತು ಆ ಬಿಚ್ಚಿ ಒಯ್ದ ಮೀಟರ್ ಎರಡೂ ಸೇರಿದರೆ ಅರ್ಧ ನಿಮಿಷ. ಅಷ್ಟು ಹೊತ್ತು ಸರಿಯಾಗಿದ್ದವೂ ಸುಮ್ನೆ ಕಾಯಬೇಕು, ಅಲ್ವಾ? ಸ್ಕ್ರೀನ್ ನಿಂತು ಜಿಗಿಯುತ್ತಿದ್ದುದು ಇದಕ್ಕೇ.

ಹೊಸ ಕಂಟ್ರೋಲರ್‌ಗೆ ಅಡ್ರೆಸ್ 5 ಕೊಟ್ಟು, ಲೈನ್ ಎರಡು ಮಾಡಿದೆ. ಎರಡು ಪೋರ್ಟ್‌ನ ಐಸೋಲೇಟೆಡ್ ಕನ್ವರ್ಟರ್ (ಲೈನಿನ ವಿದ್ಯುತ್ತನ್ನು ಕಂಪ್ಯೂಟರ್‌ನಿಂದ ಬೇರ್ಪಡಿಸಿದ್ದು) ಹಾಕಿ, ಚೇಂಬರ್‌ಗಳಿಗೆ ಒಂದು ಚಾನೆಲ್, ಮೀಟರ್‌ಗಳಿಗೆ ಇನ್ನೊಂದು. ಹೊಸದಾಗಿ ಆದ ತುದಿಗಳಿಗೂ ರೆಸಿಸ್ಟರ್ ಹಾಕಿದೆ. ಒಂದೇ ಪೋರ್ಟ್‌ಗೆ ಸಾಫ್ಟ್‌ವೇರ್‌ನಲ್ಲಿ ಎರಡು ಚಾನೆಲ್ ಬರೆದರೆ ಏನೂ ಪ್ರಯೋಜನವಿಲ್ಲ, ತಂತಿ ಒಂದೇ ಇರುತ್ತದೆ. ಟೈಮ್‌ಔಟ್ 300 ಮಿಲಿಸೆಕೆಂಡ್, ಪ್ರಯತ್ನ 2. ಸತತವಾಗಿ ಉತ್ತರ ಕೊಡದ ಡಿವೈಸ್‌ನ್ನು 30 ಸೆಕೆಂಡ್ ಬದಿಗಿಟ್ಟು, ಮತ್ತೆ ಕೇಳುವಂತೆ ಸೆಟ್ ಮಾಡಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಸೆಟ್ಟಿಂಗ್ ಇದೇ.

ಮೀಟರ್‌ಗಳ ವೋಲ್ಟೇಜ್ ಮಾತ್ರ ಒಮ್ಮೆ ಸೊನ್ನೆ, ಒಮ್ಮೆ ಓದಲಾಗದಷ್ಟು ದೊಡ್ಡ ಅಂಕಿ. ಫ್ಲೋಟ್, ಅಂದರೆ ದಶಾಂಶ ಸಂಖ್ಯೆ, ಎರಡು ರಿಜಿಸ್ಟರ್‌ಗಳಲ್ಲಿ ಬರುತ್ತದೆ. 230 ವೋಲ್ಟ್ ಅಂದರೆ ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿ ಬರಹ) 4366, ಆಮೇಲೆ 0000. ಇವು ಹಿಂದುಮುಂದಾದರೆ 230 ಹೋಗಿ ಸೊನ್ನೆಯಾಗುತ್ತದೆ. ವರ್ಡ್ ಆರ್ಡರ್, ಅಂದರೆ ಇವೆರಡರ ಕ್ರಮ, ಬದಲಿಸಿದೆ, ಸರಿಹೋಯಿತು. ಮ್ಯಾನ್ಯುಯಲ್‌ನಲ್ಲಿ ರಿಜಿಸ್ಟರ್ 40001 ಅಂತಿದ್ದರೆ ತಂತಿಯ ಮೇಲೆ ಹೋಗುವ ರಿಜಿಸ್ಟರ್ ಅಡ್ರೆಸ್ 0 ಅನ್ನುವುದನ್ನೂ ನೆನಪಿಡಿ. ಪಕ್ಕದ ರಿಜಿಸ್ಟರ್ ಓದಿ ದಿನಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಸಂಜೆ ಆಪರೇಟರ್ ಕೈಯಿಂದಲೇ ಚೇಂಬರ್ 3ರ ಕಂಟ್ರೋಲರ್‌ಗೆ ಪವರ್ ತೆಗೆಸಿದೆ. ಸ್ಕ್ರೀನ್‌ನಲ್ಲಿ ಆ ಒಂದು ಡಬ್ಬಿ ಕೆಂಪಾಯಿತು, ಉಳಿದ ಏಳು ಓಡುತ್ತಲೇ ಇದ್ದವು. ಅವರು ಪವರ್ ಕೊಟ್ಟರು, ಸ್ವಲ್ಪ ಹೊತ್ತಿಗೆ 3 ತಾನಾಗಿ ವಾಪಸ್ ಬಂತು. ಅಡ್ರೆಸ್, ಬಾಡ್, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಯಾವ ಚಾನೆಲ್ ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದೆ. ಕೆಳಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ಸಾಲು: ಹೊಸ ಕಂಟ್ರೋಲರ್ ಹಾಕಿದರೆ ಲೈನ್‌ಗೆ ಜೋಡಿಸುವ ಮೊದಲು ಅಡ್ರೆಸ್ ಬದಲಿಸಿ.