ದುಡ್ಡು ಕಟ್ಟುವ ಮೊದಲು ಒಂದು ದಿನ ತಡೆಯಿರಿ

ಕುತ್ತಿಗೆಯ ಎಡಗಡೆ ಗಂಟು ಕಾಣಿಸಿಕೊಂಡಾಗ ನನಗೆ 25 ವರ್ಷ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಗಂಟಿನ ಚೂರು ತೆಗೆದು ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟಿನಲ್ಲಿ ‘ಹಾಡ್ಜ್‌ಕಿನ್ ಲಿಂಫೋಮಾ’ ಎಂದು ಬಂತು, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಆ ಹೆಸರನ್ನು ಸರಿಯಾಗಿ ಓದಲು ಮನೆಯಲ್ಲಿ ಯಾರಿಗೂ ಬರಲಿಲ್ಲ. ‘ಎಷ್ಟಾಗುತ್ತೆ?’ ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಟ್ಟಿಗೇ ಬಂತು.

ಅವತ್ತೇ ಸಂಜೆ ಅಕ್ಕ ಕೈಬಳೆ ಬಿಚ್ಚಿ ಗಿರವಿ ಅಂಗಡಿಗೆ ಹೋದಳು. ಮರುದಿನ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ 80 ಸಾವಿರ ಅಡ್ವಾನ್ಸ್ ಕಟ್ಟಿದೆವು. ಮೂರನೇ ದಿನ, ಅದೇ ಆಸ್ಪತ್ರೆಯ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದ ಆರೋಗ್ಯಮಿತ್ರ, ಅಂದರೆ ಸರ್ಕಾರಿ ಆರೋಗ್ಯ ಯೋಜನೆಯ ದಾರಿ ಹೇಳುವವರು, ನಮ್ಮ ರೇಷನ್ ಕಾರ್ಡ್ ತಿರುವಿ ನೋಡಿದರು. ‘ತಮ್ಮಾ, ಇದು ಬಿಪಿಎಲ್ ಐತಲ್ಲ. ಮೊದ್ಲೇ ಇಲ್ಲಿಗೆ ಯಾಕೆ ಬರ್ಲಿಲ್ಲ? ಕಟ್ಟಿದ್ದು ವಾಪಸ್ ಬರಲ್ಲ ನೋಡು’ ಎಂದರು. ಬರಲೇ ಇಲ್ಲ.

ಕ್ಯಾನ್ಸರ್ ಖರ್ಚಿನಲ್ಲಿ ಎಷ್ಟು ಎನ್ನುವುದರಷ್ಟೇ ಯಾವುದು ಮೊದಲು ಎನ್ನುವುದೂ ಮುಖ್ಯ. ಮುಂದೆ ಬರೆದಿರುವುದು ಆ 80 ಸಾವಿರ ಫೀಸು ಕೊಟ್ಟು ಕಲಿತದ್ದು.

ಮೊದಲು ಕಾರ್ಡು, ಆಮೇಲೆ ಕೌಂಟರು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ, ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಕುಟುಂಬಕ್ಕೆ ಎಂಬ ಮಾತನ್ನು ಗಮನಿಸಿ. ಅದೇ ವರ್ಷ ಅಪ್ಪನ ಹಾರ್ಟ್ ಆಪರೇಷನ್ ಇದರಲ್ಲೇ ಆಗಿದ್ದರೆ, ಉಳಿದದ್ದಷ್ಟೇ ನಿಮಗೆ.

ಇದು ನಗದುರಹಿತ ಯೋಜನೆ. ಆಸ್ಪತ್ರೆಯವರು ಮೊದಲು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಅನುಮತಿ ಕೇಳಿ ಕಳಿಸಬೇಕು. ಅನುಮತಿ ಬಂದ ಮೇಲೆ ಚಿಕಿತ್ಸೆ, ಆಮೇಲೆ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಕೈಯಿಂದ ಕಟ್ಟಿ ರಸೀದಿ ಹಿಡಿದು ಹೋದರೆ ಯಾರೂ ವಾಪಸ್ ಕೊಡುವುದಿಲ್ಲ. ನಾವು ಎಡವಿದ್ದೇ ಇಲ್ಲಿ.

ಇನ್ನೊಂದು ಚೀಟಿ ಬೇಕು, ರೆಫರಲ್. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ಈ ಚಿಕಿತ್ಸೆ ನಮ್ಮಲ್ಲಿಲ್ಲ ಎಂದು ಸರ್ಕಾರಿ ಆಸ್ಪತ್ರೆ ಬರೆದುಕೊಡಬೇಕು. ದಾವಣಗೆರೆಯವರಿಗೆ ಅದು ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿಯ ಜಿಲ್ಲಾಸ್ಪತ್ರೆ. ಬೆಳಿಗ್ಗೆ ಓಪಿಡಿ ಚೀಟಿ ಮಾಡಿಸಿ, ಬಯಾಪ್ಸಿ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್ ಹಿಡಿದು ನಿಲ್ಲಿ. ಒಂದು ದಿನ ಹೋಗುತ್ತದೆ, ಹೋಗಲಿ ಬಿಡಿ. ಉಸಿರಾಟದ ತೊಂದರೆ, ರಕ್ತಸ್ರಾವದಂಥ ತುರ್ತು ಇದ್ದರೆ ಮಾತ್ರ ಈ ಚೀಟಿಗೆ ಕಾಯಬೇಡಿ. ತುರ್ತಿಗೆ ರೆಫರಲ್ ಬೇಕಿಲ್ಲ, ನೇರ ಆಸ್ಪತ್ರೆಗೆ ಹೋಗಿ. ಅನುಮಾನ ಬಂದರೆ 104ಕ್ಕೆ ಫೋನ್ ಮಾಡಿ ಕೇಳಬಹುದು.

ನಮ್ಮ ವಯಸ್ಸಿನವರಿಗೆ ಸಿಕ್ಕಿಕೊಳ್ಳುವ ಕಾಗದಪತ್ರದ ಗಂಟು ಬೇರೆಯೇ ಇದೆ. ಬೆಂಗಳೂರಿನ ಪಿಜಿಯಲ್ಲಿ ನಾಲ್ಕು ವರ್ಷ ಇದ್ದವರ ಹೆಸರು ಊರಿನ ರೇಷನ್ ಕಾರ್ಡಿನಲ್ಲಿ ಇದೆಯೇ? ಮದುವೆಯಾದ ಹುಡುಗಿಯ ಹೆಸರು ತವರಿನ ಕಾರ್ಡಿನಿಂದ ತೆಗೆದು, ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರಿಸದೇ ಇರಬಹುದು. ಇ-ಕೆವೈಸಿ ಆಗದೇ ಇರಬಹುದು. ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು ಸ್ಪೆಲಿಂಗ್ ಇರಬಹುದು. ಇದನ್ನು ಇವತ್ತೇ ನೋಡಿಸಿ. ಗ್ರಾಮ ಒನ್ ಅಥವಾ ಕರ್ನಾಟಕ ಒನ್‌ನಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಕೊಡುತ್ತಾರೆ. ಆರೋಗ್ಯವಾಗಿರುವಾಗಲೇ ಮಾಡಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು ಅಂತ ನನ್ನ ಗೆಳೆಯರಿಗೆಲ್ಲ ಹೇಳುತ್ತೇನೆ. ಯಾರೂ ಮಾಡಿಸುವುದಿಲ್ಲ, ನಾನೂ ಮಾಡಿಸಿರಲಿಲ್ಲ.

ಎಲ್ಲಿ ತೋರಿಸುವುದು? ಬಸ್ಸಿನ ಲೆಕ್ಕವೂ ಹಾಕಿ

ಬೆಂಗಳೂರಿನ ಕಿದ್ವಾಯಿ 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಆದರೆ ಹುಬ್ಬಳ್ಳಿ ಸುಮಾರು 150. ದುರ್ಗದವರಿಗೆ ಬೆಂಗಳೂರು 200. ದೊಡ್ಡ ಊರಿಗೆ ಹೋದರೆ ದೊಡ್ಡ ಔಷಧಿ ಸಿಗುತ್ತದೆ ಎಂದು ನೆಂಟರು ಹೇಳುತ್ತಾರೆ. ನನ್ನ ಕಾಯಿಲೆಗೆ ಕೊಡುವ ನಾಲ್ಕು ಔಷಧಿಗಳ ಕೀಮೋ ಎಲ್ಲಿ ಹೋದರೂ ಅದೇ. ಎರಡು ವಾರಕ್ಕೊಮ್ಮೆ, ಒಂದು ಸೈಕಲ್ಲಿಗೆ ಎರಡು ಸಲ, ಆರು ಸೈಕಲ್ ಎಂದರೆ 12 ಸಲ.

12 ಸಲ ಎಂದರೆ ಏನು ಅಂತ ಮೊದಲು ಹೊಳೆಯಲಿಲ್ಲ. ಬೆಂಗಳೂರಿಗೆ ಅಮ್ಮ ಮತ್ತು ನಾನು, ಬಸ್ಸು, ಆಟೊ, ಊಟ, ಒಂದು ರಾತ್ರಿ ರೂಮು. ಒಂದು ಸಲಕ್ಕೆ ನಾಲ್ಕು ಸಾವಿರ ಮುಟ್ಟುತ್ತಿತ್ತು. ಔಷಧಿ ಪುಕ್ಕಟೆ ಸಿಕ್ಕರೂ ಓಡಾಟಕ್ಕೇ ಅರ್ಧ ಲಕ್ಷ! ಹಾಗಾಗಿ ಡಾಕ್ಟರನ್ನು ಮೊದಲ ದಿನವೇ ಹೀಗೆ ಕೇಳಿ: ‘ಸರ್, ಪ್ಲಾನ್ ಮತ್ತು ಸ್ಕ್ಯಾನ್ ಇಲ್ಲಿ ಮಾಡಿ, ಕೀಮೋ ನಮ್ಮೂರಲ್ಲಿ ಹಾಕಿಸಬಹುದಾ?’ ಕೆಲವು ಕೀಮೋಗೆ ಆಗುತ್ತದೆ, ಕೆಲವಕ್ಕೆ ಆಗುವುದಿಲ್ಲ. ರಾಜ್ಯ ಸರ್ಕಾರ 2025ರಲ್ಲಿ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಶುರು ಮಾಡಿದೆ. ಅಂದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವುದು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇದೆಯಾ ಎಂದು ಹೋಗಿ ವಿಚಾರಿಸಿ.

ಬೆಂಗಳೂರಿಗೇ ಹೋಗಬೇಕಾದರೆ ರೈಲು ಹಿಡಿಯಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥ್ರೀ-ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ರೈಲ್ವೆಯದೇ ನಮೂನೆಯಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡು ಸ್ಟೇಷನ್ನಿನ ಕೌಂಟರಿನಲ್ಲಿ ಕೊಡಬೇಕು. ನನಗೆ ಇದು ಗೊತ್ತಾಗಿದ್ದು ಏಳನೇ ಕೀಮೋಗೆ. ಜೊತೆಗೆ ಬರುವವರು ಅಮ್ಮನೋ ಅಕ್ಕನೋ ಆದರೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಉಚಿತ. ಕೀಮೋ ಹಾಕಿಸಿಕೊಂಡ ಮೈಗೆ ಆ ಸೀಟು ಕಷ್ಟ ನಿಜ. ಹೋಗುವಾಗ ಬಸ್ಸು, ಬರುವಾಗ ರೈಲು ಅಂತ ನಾವು ಮಾಡಿಕೊಂಡೆವು.

ಆಸ್ಪತ್ರೆ ಬದಲಾಯಿಸುವಾಗ ಬಯಾಪ್ಸಿಯ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಎಂದರೆ ಗಂಟಿನ ಚೂರು ಹುದುಗಿಸಿಟ್ಟ ಸಣ್ಣ ಮೇಣದ ತುಂಡು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದಿಲ್ಲದಿದ್ದರೆ ಹೊಸ ಆಸ್ಪತ್ರೆಯವರು ಮತ್ತೆ ಬಯಾಪ್ಸಿ ಎನ್ನಬಹುದು. ಮತ್ತೆ ಕೊಯ್ತ, ಮತ್ತೆ ಬಿಲ್ಲು.

ಅಮ್ಮನ ಎದುರು ಕೇಳಲಾಗದ ಪ್ರಶ್ನೆ

ಕೀಮೋ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗುತ್ತದಾ? ಕೆಲವು ಔಷಧಿಗಳಿಂದ ಆಗುತ್ತದೆ. ಹುಡುಗರು ಮೊದಲೇ ವೀರ್ಯ ತೆಗೆದಿಡಿಸಬಹುದು, ಹುಡುಗಿಯರಿಗೆ ಅಂಡಾಣು ತೆಗೆದಿಡುವ ದಾರಿ ಇದೆ. ಅದಕ್ಕೆ ದುಡ್ಡೂ ಜಾಸ್ತಿ, ದಿನವೂ ಜಾಸ್ತಿ ಬೇಕು. ಇಟ್ಟುಕೊಳ್ಳುವುದಕ್ಕೆ ವರ್ಷ ವರ್ಷ ಬಾಡಿಗೆಯನ್ನೂ ಕಟ್ಟಬೇಕು. ಅದಕ್ಕೇ ಬಜೆಟ್ಟಿನಲ್ಲಿ ಇದನ್ನು ಮೊದಲೇ ಸೇರಿಸಿಕೊಳ್ಳಬೇಕು. ನನ್ನ ಪಕ್ಕದಲ್ಲಿ ಅಮ್ಮ ಕೂತಿದ್ದಳು. ‘ಅಮ್ಮಾ, ಒಂದು ನೀರಿನ ಬಾಟಲಿ ತಗಂಡು ಬಾ’ ಎಂದು ಕಳಿಸಿ ಕೇಳಿದೆ. ಡಾಕ್ಟರ್ ನಕ್ಕರು, ಆಮೇಲೆ ಹತ್ತು ನಿಮಿಷ ಕೂತು ವಿವರಿಸಿದರು. ಸುಮ್ನೆ ನಾಚಿಕೊಂಡು ಬಂದಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಔಷಧಿ ಅಂಗಡಿಯಲ್ಲಿ ಚೌಕಾಶಿ

ಕ್ಯಾನ್ಸರ್ ಔಷಧಿಯ ಡಬ್ಬಿಯ ಮೇಲಿನ ಎಂಆರ್‌ಪಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಅಜಗಜಾಂತರ. ಕೆಲವು ಔಷಧಿಗಳಲ್ಲಿ ಲಾಭದ ಪಾಲು ಎಷ್ಟಿತ್ತೆಂದರೆ, 2019ರಲ್ಲಿ ಸರ್ಕಾರವೇ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಕ್ಕೆ ಶೇ 30ರ ಮಿತಿ ಹಾಕಿತು.

ಕೀಮೋ ಆದ ಮೇಲೆ ನನ್ನ ಬಿಳಿ ರಕ್ತಕಣ ಬಿದ್ದುಹೋಗುತ್ತಿತ್ತು. ಅದನ್ನು ಏರಿಸಲು ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್. ಮೊದಲ ಸಲ ಹೇಳಿದಷ್ಟು ಕೊಟ್ಟು ತಂದೆ. ಎರಡನೇ ಸಲ ಅಕ್ಕ ನಾಲ್ಕು ಅಂಗಡಿಗೆ ಫೋನ್ ಮಾಡಿ, ಬ್ರ್ಯಾಂಡ್ ಹೆಸರು ಬಿಟ್ಟು ಔಷಧಿಯ ಹೆಸರು ಹೇಳಿ ರೇಟು ಕೇಳಿದಳು. ಹೆಚ್ಚು ಕಡಿಮೆ ಅರ್ಧಕ್ಕೆ ಸಿಕ್ಕಿತು. ಅದನ್ನು ತಂಪಿನಲ್ಲೇ ಇಡಬೇಕು. ಚಹಾ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಇಂಜೆಕ್ಷನ್ನಿಗೆ ಐಸ್ ತಾಗದಂತೆ ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನಿಂದ ತರುತ್ತಿದ್ದೆವು. ಪಕ್ಕದವರು ‘ಏನ್ರೀ ಅದು, ಐಸ್‌ಕ್ರೀಮಾ?’ ಎಂದು ಕೇಳಿದ್ದುಂಟು.

ಡಾಕ್ಟರಿಗೆ ‘ಇದರ ಜನರಿಕ್ ನಡೆಯುತ್ತದಾ?’ ಎಂದು ಕೇಳಿ. ದುಬಾರಿ ಬ್ರ್ಯಾಂಡಿನ ಹೆಸರಿಲ್ಲದ ಅದೇ ಔಷಧಿ ಅದು. ನಡೆಯುತ್ತದೆ ಎಂದರೆ ಜನೌಷಧಿ ಕೇಂದ್ರ, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿರುವ ರಿಯಾಯಿತಿ ದರದ ಅಮೃತ್ ಔಷಧಿ ಮಳಿಗೆ ಎರಡನ್ನೂ ನೋಡಿ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಬೇಕು. ಅದರ ಪೇಟೆಂಟ್ ಬೇಕೆಂದು ವಿದೇಶಿ ಕಂಪನಿ ಹೂಡಿದ್ದ ಕೇಸನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ನಮ್ಮ ದೇಶದ ಕಂಪನಿಗಳ ಅಗ್ಗದ ಗುಳಿಗೆ ಆಗ ನಿಲ್ಲದೇ ಉಳಿದದ್ದು ಅದರಿಂದಲೇ. ಜನರಿಕ್ ಎಂದರೆ ಕಳಪೆ ಎನ್ನುವ ಮಾವಂದಿರಿಗೆ ಈ ಕಥೆ ಹೇಳಿ.

ಇನ್ನು ನಾಟಿ ಔಷಧಿ. ಮೂರು ಜನ ಮೂರು ಊರಿನ ಬೇರು ತಂದುಕೊಟ್ಟರು. ಕೀಮೋ ನಡೆಯುವಾಗ ಅದನ್ನು ಕುಡಿದು ಲಿವರ್ ಕೆಟ್ಟರೆ, ಆ ಅಡ್ಮಿಷನ್ನಿನ ಬಿಲ್ಲು ಬೇರು ತಂದವರು ಕಟ್ಟುವುದಿಲ್ಲ.

ಕೆಲಸ ಬಿಡಬೇಡಿ

ಸಿಟ್ಟಿನಲ್ಲೋ ಸಂಕೋಚದಲ್ಲೋ ರಾಜೀನಾಮೆ ಬರೆದುಕೊಡಬೇಡಿ. ಸಂಬಳ 21 ಸಾವಿರದೊಳಗಿದ್ದು, ಅಂಗಡಿಯಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರಬೇಕು. ಸಂಬಳದ ಚೀಟಿಯಲ್ಲಿ ಶೇ 0.75 ಕಡಿತ ಕಂಡರೆ ನಿಮಗೆ ಅದು ಇದೆ ಎಂದರ್ಥ. ನನಗೂ ಇತ್ತು, ನಂಬರ್ ಯಾವುದು ಎಂದೇ ಗೊತ್ತಿರಲಿಲ್ಲ! ಇಎಸ್‌ಐನಲ್ಲಿ ಚಿಕಿತ್ಸೆ ಒಂದು ಕಡೆಯಾದರೆ, ರಜೆಯ ದಿನಗಳಿಗೆ ದುಡ್ಡು ಇನ್ನೊಂದು ಕಡೆ. ಮಾಮೂಲಿ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ, ಎರಡು ವರ್ಷ ಕೆಲಸ ಮತ್ತು ಸಾಕಷ್ಟು ದಿನದ ವಂತಿಗೆ ಇದ್ದರೆ, ಶೇ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಕೆಲಸ ಬಿಟ್ಟರೆ ಈ ಬಾಗಿಲು ಮುಚ್ಚಿಹೋಗಬಹುದು. ಕಾಯಿಲೆಗೆಂದು ಪಿಎಫ್‌ನಿಂದಲೂ ದುಡ್ಡು ತೆಗೆಯಬಹುದು.

ಕಂಪನಿಯ ಗುಂಪು ವಿಮೆ ಇದ್ದವರಿಗೂ ಇದೇ ಮಾತು. ಅದು ಕೆಲಸದ ಜೊತೆಗೇ ಹೋಗುತ್ತದೆ. ಅಪ್ಪನ ಪಾಲಿಸಿಯಲ್ಲಿ ಹೆಸರಿದ್ದವರು ವಯಸ್ಸಿನ ಮಿತಿ ನೋಡಿಕೊಳ್ಳಿ, ಸಾಮಾನ್ಯವಾಗಿ 25ಕ್ಕೆ ಮುಗಿಯುತ್ತದೆ.

ಸಾಲ, ಮತ್ತು ಕೇಳುವ ಕಲೆ

ಬೈಕಿನ ಇಎಂಐ, ಓದಿನ ಸಾಲ, ಮೊಬೈಲಿನ ಕಂತು ನಮ್ಮ ವಯಸ್ಸಿನವರ ಬೆನ್ನಿಗೇ ಇರುತ್ತವೆ. ಕಂತು ತಪ್ಪುವ ಮೊದಲೇ ರಿಪೋರ್ಟ್ ಹಿಡಿದು ಬ್ಯಾಂಕಿಗೆ ಹೋಗಿ ಅವಧಿ ಬದಲಾಯಿಸಿಕೊಡಿ ಎಂದು ಬರೆದುಕೊಡಿ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಮಾತು ಕಷ್ಟ. ಚಿನ್ನ ಇಡಲೇಬೇಕಾದರೆ ಬ್ಯಾಂಕಿನಲ್ಲಿ ಇಡಿ. ನಮ್ಮ ಗಿರವಿ ಅಂಗಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಹಾಕಿತ್ತು, ಅಂದರೆ ವರ್ಷಕ್ಕೆ 24. ಬ್ಯಾಂಕಿನಲ್ಲಿ ಅದರ ಅರ್ಧವೂ ಇರಲಿಲ್ಲ. ಮೈಕ್ರೊ ಫೈನಾನ್ಸಿನವರು ಮನೆ ಮುಂದೆ ಬಂದು ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಿ, 2025ರಲ್ಲಿ ರಾಜ್ಯ ಇದಕ್ಕೆಂದೇ ಕಾನೂನು ತಂದಿದೆ.

ಯೋಜನೆಗೂ ಮೀರಿದ ಖರ್ಚು ಬಂದರೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಇವೆ. ಆಸ್ಪತ್ರೆಯ ಅಂದಾಜು ಪಟ್ಟಿ, ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಲಗತ್ತಿಸಿ ಅರ್ಜಿ ಹಾಕಬೇಕು. ಶಾಸಕರ, ಸಂಸದರ ಕಚೇರಿಯಲ್ಲಿ ದಾರಿ ಹೇಳುತ್ತಾರೆ. ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಬಡ ರೋಗಿಗಳಿಗೆ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ನಿಧಿಯೂ ಇದೆ. ಅಲ್ಲಿಯ ಸೋಷಿಯಲ್ ವರ್ಕರ್ ಯಾರು ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಧರ್ಮಶಾಲೆಯ ಜಾಗದಿಂದ ಹಿಡಿದು ಅರ್ಜಿಯವರೆಗೆ ಅವರಿಗೆ ಗೊತ್ತಿರುತ್ತದೆ.

ಗೆಳೆಯರ ಹತ್ತಿರ ದುಡ್ಡು ಕೇಳುವುದು ಕೀಮೋಗಿಂತ ಕಷ್ಟವಾಗಿತ್ತು ನನಗೆ. ‘ಸಹಾಯ ಮಾಡಿ’ ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದೆ, 11 ಕೈಮುಗಿದ ಚಿತ್ರ ಬಂದವು. ಆಮೇಲೆ ಒಬ್ಬ ಗೆಳೆಯ ನನ್ನ ಮೊಬೈಲ್ ಕಸಿದುಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದ. ‘ಮಂಗಳವಾರ ರಕ್ತ ಕೊಡೋಕೆ ಬಾ’, ‘ಗುರುವಾರ ಸ್ಟೇಷನ್ನಿಂದ ಇವನನ್ನ ಮನೆಗೆ ಬಿಡು’, ‘ಈ ತಿಂಗಳ ಇಂಜೆಕ್ಷನ್ ನಿಂದು’. ಒಬ್ಬನೂ ಇಲ್ಲ ಎನ್ನಲಿಲ್ಲ. ಬಂದ ದುಡ್ಡನ್ನೆಲ್ಲ ಅವನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಆನ್‌ಲೈನಿನಲ್ಲಿ ದುಡ್ಡು ಎತ್ತುವುದಾದರೂ ಅಷ್ಟೇ, ಆಸ್ಪತ್ರೆಯ ಅಂದಾಜು ಪಟ್ಟಿ ಹಾಕಿ, ದುಡ್ಡು ನೇರ ಆಸ್ಪತ್ರೆ ಖಾತೆಗೆ ಹೋಗುವಂತೆ ಮಾಡಿ.

ಮುಗಿದ ಮೇಲೂ ಮುಗಿಯುವುದಿಲ್ಲ

ಕೊನೆಯ ಕೀಮೋ ದಿನ ಮನೆಯವರೆಲ್ಲ ಬೆಣ್ಣೆ ದೋಸೆ ತಿಂದು ಬಂದೆವು. ಖರ್ಚು ಮುಗಿಯಿತು ಅಂದುಕೊಂಡಿದ್ದೆ. ಮೊದಲ ಎರಡು ವರ್ಷ ಕೆಲವು ತಿಂಗಳಿಗೊಮ್ಮೆ ತಪಾಸಣೆ, ರಕ್ತ ಪರೀಕ್ಷೆ, ಆಗಾಗ ಸ್ಕ್ಯಾನ್. ಇದನ್ನು ತಪ್ಪಿಸುವಂತಿಲ್ಲ, ಎಲ್ಲವೂ ಯೋಜನೆಯಡಿ ಬರುವುದೂ ಇಲ್ಲ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 500ರ ಆರ್‌ಡಿ ತೆರೆದು ಅದಕ್ಕೆಂದೇ ಇಟ್ಟಿದ್ದೇನೆ. ಎಲ್ಲ ಚೀಟಿ, ರಿಪೋರ್ಟು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿವೆ. ಫೈಲಿನ ಮೊದಲ ಹಾಳೆ ಆ 80 ಸಾವಿರದ ರಸೀದಿ. ಅಕ್ಕನ ಬಳೆಗಳನ್ನು ಗಿರವಿ ಅಂಗಡಿಯಿಂದ ಬಿಡಿಸಿ ಬ್ಯಾಂಕಿಗೆ ಇಟ್ಟಿದ್ದೇವೆ. ಇನ್ನೂ ಏಳು ತಿಂಗಳು ಬಾಕಿ ಇದೆ.