ಕೈತಪ್ಪಿದ ಅಂಗಡಿ ವಾಟ್ಸ್ಆ್ಯಪ್ ವಾಪಸ್ ಸಿಕ್ಕಿದ್ದು
ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಕೊರಿಯರ್‌ನವನೆಂದು ಹೇಳಿಕೊಂಡವನೊಬ್ಬ, "*401* ಒತ್ತಿ, ಡೆಲಿವರಿ ಹುಡುಗನ ನಂಬರ್ ಸೇರಿಸಿ ಕಾಲ್ ಮಾಡಿ ಮೇಡಂ" ಎಂದ. ಮಾಡಿದೆ. ಅದು ಕಾಲ್ ಫಾರ್ವರ್ಡಿಂಗ್ ಕೋಡ್! ನನ್ನ ಕರೆಗಳೆಲ್ಲ ಅವನಿಗೆ ಹೋದವು. ಓಟಿಪಿಯನ್ನು ಕರೆಯಲ್ಲೇ ಕೇಳಿಸಿಕೊಂಡು ನನ್ನ ವಾಟ್ಸ್ಆ್ಯಪ್ ತೆರೆದುಬಿಟ್ಟ. ಹತ್ತೇ ನಿಮಿಷದಲ್ಲಿ ಗಿರಾಕಿಗಳಿಗೆಲ್ಲ ನನ್ನ ಹೆಸರಲ್ಲಿ "ಅರ್ಜೆಂಟ್ ದುಡ್ಡು ಬೇಕು" ಅಂತ ಮೆಸೇಜ್. ಹೊಟ್ಟೆ ಉರಿಯಿತು.

ಮೊದಲು ##002# ಒತ್ತಿ ಫಾರ್ವರ್ಡಿಂಗ್ ಎಲ್ಲ ರದ್ದು ಮಾಡಿದೆ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ನನ್ನ ನಂಬರ್ ಹಾಕಿ, ಎಸ್ಎಂಎಸ್‌ನಲ್ಲಿ ಬಂದ ಓಟಿಪಿ ಕೊಟ್ಟೆ. ಅವನ ಫೋನಿನಲ್ಲಿ ಲಾಗ್‌ಔಟ್ ಆಯಿತು. ಅವನು ಟೂ-ಸ್ಟೆಪ್ ಪಿನ್ (ಓಟಿಪಿ ಜೊತೆಗೆ ವಾಟ್ಸ್ಆ್ಯಪ್ ಕೇಳುವ ಗುಟ್ಟಿನ ಸಂಖ್ಯೆ) ಇಟ್ಟಿರಲಿಲ್ಲ, ಪುಣ್ಯ. ಇಟ್ಟಿದ್ದರೆ 7 ದಿನ ಕಾಯಬೇಕಿತ್ತು. ದುಡ್ಡು ಹಾಕಿದ್ದ ಗಿರಾಕಿಯೊಬ್ಬರಿಂದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಟೂ-ಸ್ಟೆಪ್ ಪಿನ್ ಅವತ್ತೇ ಇಟ್ಟೆ.