ಮಂಡಕ್ಕಿ ಮೊದಲೋ, ಶೇಂಗಾ ಮೊದಲೋ? ಮನೆಯಲ್ಲೇ ಮಾಡಿ ನೋಡಿ

ಭಾರವಾದದ್ದೇ ಬೇಗ ಬೀಳುತ್ತದೆ ಎಂಬ ನಂಬಿಕೆ ಬಾಯಿಪಾಠದಿಂದ ಹೋಗುವುದಿಲ್ಲ. ಮಕ್ಕಳು ಕಣ್ಣಾರೆ ನೋಡಬೇಕು. ದಾವಣಗೆರೆಯಲ್ಲಿ ಅದಕ್ಕೆ ಲ್ಯಾಬ್ ಬೇಡ. ಒಂದು ಹಿಡಿ ಮಂಡಕ್ಕಿ, ನಾಲ್ಕು ಶೇಂಗಾ ಬೀಜ ಸಾಕು.

ಮೊದಲು ಫ್ಯಾನ್ ಆರಿಸಿ. ಮನೆಯೊಳಗಿನ ಮೆಟ್ಟಿಲ ಮೇಲೆ ನಿಂತು, ಸುಮಾರು 3 ಮೀಟರ್ ಎತ್ತರದಿಂದ ಒಂದು ಮಂಡಕ್ಕಿ, ಒಂದು ಶೇಂಗಾ ಒಟ್ಟಿಗೇ ಬಿಡಿ. ಎಸೆಯಬೇಡಿ, ಬೆರಳು ಸಡಿಲಿಸಿದರೆ ಆಯಿತು. ಶೇಂಗಾ ಟಪ್ಪನೆ ನೆಲ ಮುಟ್ಟುತ್ತದೆ. ಮಂಡಕ್ಕಿ ಹೊರಳಾಡುತ್ತಾ ಹಿಂದಿನಿಂದ ಬರುತ್ತದೆ. ‘ನೋಡಿ, ಭಾರದ್ದೇ ಗೆದ್ದಿತು’ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ಹೇಳಲಿ.

ಈಗ ಅದೇ ಮಂಡಕ್ಕಿಯನ್ನು ದಪ್ಪ ರಟ್ಟಿನ ಪುಸ್ತಕದ ಮೇಲಿಟ್ಟು, ಸೊಂಟದ ಎತ್ತರದಿಂದ ಪುಸ್ತಕವನ್ನು ಮಟ್ಟಸವಾಗಿ ಬಿಡಿ. ಮಂಡಕ್ಕಿ ಹಿಂದುಳಿಯದೆ ಪುಸ್ತಕದ ಜೊತೆಗೇ ಇಳಿಯುತ್ತದೆ. ಅದರ ತೂಕವೇನೂ ಹೆಚ್ಚಿಲ್ಲ. ಎದುರಿಗೆ ಬರುವ ಗಾಳಿಯನ್ನು ಪುಸ್ತಕ ತಡೆದಿದೆ, ಅಷ್ಟೇ. ಭಾರದ ವಸ್ತುವನ್ನು ಭೂಮಿ ಹೆಚ್ಚು ಬಲದಿಂದ ಎಳೆಯುವುದು ನಿಜ. ಆದರೆ ಅದರ ವೇಗ ಏರಿಸಲು ಬೇಕಾಗುವ ಬಲವೂ ಅಷ್ಟೇ ಪಟ್ಟು ಹೆಚ್ಚು. ಹಾಗಾಗಿ ಗಾಳಿ ಅಡ್ಡ ಬರದಿದ್ದರೆ ಎರಡರ ವೇಗವೂ ಪ್ರತಿ ಸೆಕೆಂಡಿಗೆ 9.8 ಮೀಟರ್/ಸೆಕೆಂಡಿನಷ್ಟು ಏರುತ್ತಾ ಹೋಗುತ್ತದೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನಲ್ಲಿ ಸುತ್ತಿಗೆ, ಗರಿ ಎರಡನ್ನೂ ಬಿಟ್ಟಾಗ ಅವು ಒಟ್ಟಿಗೇ ಬಿದ್ದವು. ನಮ್ಮ ಕಣಗಳಲ್ಲಿ ರಾಶಿ ತೂರುವಾಗ ದುಡಿಯುವುದು ಇದೇ ಗಾಳಿಯ ಬಲ: ಹೊಟ್ಟು ಹಾರಿ ದೂರ ಬೀಳುತ್ತದೆ, ಕಾಳು ಬುಡದಲ್ಲೇ ನಿಲ್ಲುತ್ತದೆ.

ಇನ್ನು ಘರ್ಷಣೆ. ಹಲಗೆಯ ಮೇಲೆ ಚಪ್ಪಟೆ ಕಲ್ಲೊಂದನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಕಲ್ಲು ಜಾರತೊಡಗಿದ ಕ್ಷಣಕ್ಕೆ ಕೈ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನೂ ಅದರ ನೇರ ಕೆಳಗಿನಿಂದ ಇನ್ನೊಂದು ತುದಿವರೆಗಿನ ನೆಲದ ದೂರವನ್ನೂ ಟೇಪಿನಲ್ಲಿ ಅಳೆಯಿರಿ. ಎತ್ತರ 30 ಸೆಂ.ಮೀ., ದೂರ 60 ಸೆಂ.ಮೀ. ಇದ್ದರೆ ಭಾಗಿಸಿ: 0.5. ಇದೇ ಘರ್ಷಣಾಂಕ, ಅಂದರೆ ಕಲ್ಲೂ ಹಲಗೆಯೂ ಒಂದನ್ನೊಂದು ಎಷ್ಟು ಹಿಡಿದುಕೊಳ್ಳುತ್ತವೆ ಎಂಬುದರ ಅಳತೆ. ಮೇಲೆ ಇನ್ನೊಂದು ಕಲ್ಲು ಹೇರಿದರೂ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಜಾರುತ್ತದೆ. ಇದು ದೊಡ್ಡವರಿಗೂ ಅಚ್ಚರಿ ತರುವ ಫಲಿತಾಂಶ, ಬಿಡದೆ ಮಾಡಿ ತೋರಿಸಿ.

ಕೊನೆಗೆ ಹಲಗೆಗೆ ಒಣ ಮರಳು ಉದುರಿಸಿ ಮತ್ತೆ ಎತ್ತಿ. ಕಾಳುಗಳು ಉರುಳುವುದರಿಂದ ಕಲ್ಲು ಇನ್ನೂ ಬೇಗ ಜಾರುತ್ತದೆ. ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದೊಯ್ಯುವವರು ಹೊರಡುವ ಮುನ್ನ ಇದನ್ನು ತೋರಿಸಿದರೆ ಒಳ್ಳೆಯದು: ಒಣಗಿದ ಬರಿ ಬಂಡೆ ಕಾಲಿಗೆ ಹಿಡಿತ ಕೊಡುತ್ತದೆ, ಮರಳು ಚೆಲ್ಲಿದ ಇಳಿಜಾರು ಕೊಡುವುದಿಲ್ಲ.